ಗ್ರಾನೈಟ್ ಕತ್ತರಿಸುವ ಮೊದಲು ರಟ್ಟಿನಲ್ಲೊಂದು ಅಡುಗೆಮನೆ ಕಟ್ಟಿ ನೋಡಿ

ಮನೆ ಕಟ್ಟಿಸುವವರು ಮುಂಬಾಗಿಲಿನ ಮರಕ್ಕೆ, ಹಾಲ್‌ನ ಟೈಲ್ಸ್‌ಗೆ, ಹೊರಗೋಡೆಯ ಬಣ್ಣಕ್ಕೆ ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಅಡುಗೆ ಕಟ್ಟೆ ಎಷ್ಟು ಎತ್ತರ ಇರಬೇಕು ಎಂಬ ಪ್ರಶ್ನೆ ಮಾತ್ರ, ಮೇಸ್ತ್ರಿ ಸಿಮೆಂಟ್ ಕಲಸಿಟ್ಟುಕೊಂಡು "ಎಷ್ಟಕ್ಕೆ ಕಟ್ಟಲಿ ಸಾರ್?" ಎಂದು ಕೇಳುವ ಬೆಳಿಗ್ಗೆಯೇ ಎದುರಾಗುತ್ತದೆ. ಆ ಕಟ್ಟೆಯ ಮುಂದೆ ದಿನವೂ ಗಂಟೆಗಟ್ಟಲೆ ನಿಲ್ಲಬೇಕಾದವರು ಆ ಹೊತ್ತಿಗೆ ಬಾಡಿಗೆ ಮನೆಯಲ್ಲಿ ತಿಂಡಿ ಮಾಡುತ್ತಿರುತ್ತಾರೆ. ಸೈಟಿನಲ್ಲಿ ನಿಂತವರು "ಎಲ್ಲರಿಗೂ ಎಷ್ಟು ಕಟ್ಟುತ್ತೀರೋ ಅಷ್ಟೇ ಕಟ್ಟಿ" ಎನ್ನುತ್ತಾರೆ. ಗೃಹಪ್ರವೇಶ ಮುಗಿದು ತಿಂಗಳೊಪ್ಪತ್ತಿನಲ್ಲಿ ಹೆಗಲು, ಸೊಂಟ ತಮ್ಮ ದೂರು ಹೇಳತೊಡಗುತ್ತವೆ. ಅಷ್ಟರಲ್ಲಿ ಗ್ರಾನೈಟ್ ಕೂತು, ಟೈಲ್ಸ್ ಅಂಟಿ, ಸಿಂಕಿನ ಪೈಪು ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ.

ಇದನ್ನು ತಪ್ಪಿಸಲು ಒಂದು ಅಗ್ಗದ ದಾರಿಯಿದೆ. ನಿಜವಾದ ಅಡುಗೆಮನೆಗೆ ಮೊದಲು ಅದೇ ಅಳತೆಯಲ್ಲಿ ಒಂದು ತಾತ್ಕಾಲಿಕ ಅಡುಗೆಮನೆಯನ್ನು ನೆಲದ ಮೇಲೆ ಗೆರೆ ಎಳೆದು, ಬ್ಲಾಕು ಜೋಡಿಸಿ, ರಟ್ಟಿನ ಪೆಟ್ಟಿಗೆಗಳನ್ನಿಟ್ಟು ಕಟ್ಟುವುದು. ಅದರಲ್ಲಿ ಅಡುಗೆ ಮಾಡುವವರು ಅಡುಗೆ ಮಾಡಿದಂತೆ ಓಡಾಡಿ ನೋಡುವುದು. ವಿನ್ಯಾಸಕಾರರು ಇದನ್ನು ಪ್ರೊಟೊಟೈಪ್ ಎನ್ನುತ್ತಾರೆ. ನಾನು ಇಲ್ಲಿ ಮಾದರಿ ಎಂದೇ ಕರೆಯುತ್ತೇನೆ. ಸೈಟಿನಲ್ಲಿ ಬಿದ್ದಿರುವ ಸಾಮಾನು, ಒಂದು ಅಳತೆ ಟೇಪು, ಸೀಮೆಸುಣ್ಣ ಮತ್ತು ಒಂದು ಭಾನುವಾರ ಇದ್ದರೆ ಸಾಕು.

ನಕ್ಷೆ ಇದೆಯಲ್ಲ, ಮಾದರಿ ಯಾಕೆ?

ನಕ್ಷೆಯನ್ನು ಮೇಲಿನಿಂದ ನೋಡುತ್ತೇವೆ. ಅಡುಗೆಮನೆಯಲ್ಲಿ ಯಾರೂ ಮೇಲಿನಿಂದ ಬದುಕುವುದಿಲ್ಲ. ಕಾಗದದ ಮೇಲೆ ಎಂಟು ಅಡಿ ಅಗಲ ಎಂದು ಬರೆದಿದ್ದರೆ ಅನುಭವಿ ಎಂಜಿನಿಯರಿಗೆ ಅದರ ಅಂದಾಜು ಸಿಗುತ್ತದೆ; ಮನೆಯವರಿಗೆ ಅದು ಬರೀ ಒಂದು ಸಂಖ್ಯೆ. ಈಗ ಬಂದಿರುವ ಕಂಪ್ಯೂಟರ್ ಚಿತ್ರಗಳು ಇನ್ನೂ ಮೋಸದವು: ಅಗಲ ಕೋನದಿಂದ ತೋರಿಸಿ ಸಣ್ಣ ಕೋಣೆಯನ್ನೂ ಹಜಾರದಂತೆ ಕಾಣಿಸುತ್ತವೆ. ಆ ಚಿತ್ರದಲ್ಲಿ ಒಂದು ಹೂದಾನಿ, ಎರಡು ನಿಂಬೆಹಣ್ಣು ಇರುತ್ತವೆ. ನಮ್ಮ ಮನೆಯ ಐದು ಲೀಟರ್ ಕುಕ್ಕರ್, ಹಿಟ್ಟಿನ ಡಬ್ಬ, ನೀರಿನ ಕ್ಯಾನು, ತೊಳೆಯಬೇಕಾದ ಪಾತ್ರೆಯ ರಾಶಿ ಇರುವುದಿಲ್ಲ.

ಮಾದರಿ ದೇಹಕ್ಕೆ ಪ್ರಶ್ನೆ ಕೇಳುತ್ತದೆ. ಜೆಫ್ ಹಾಕಿನ್ಸ್ ಎಂಬ ಅಮೆರಿಕದ ಎಂಜಿನಿಯರ್ ಅಂಗೈಯಗಲದ ಕಂಪ್ಯೂಟರ್ ಮಾಡಲು ಹೊರಟಾಗ ಮೊದಲು ಮಾಡಿದ್ದು ಒಂದು ಮರದ ತುಂಡು. ಅದಕ್ಕೆ ಪರದೆಯ ಚಿತ್ರವಿದ್ದ ಕಾಗದ ಅಂಟಿಸಿ, ಚಾಪ್‌ಸ್ಟಿಕ್ ಕಡ್ಡಿಯನ್ನು ಪೆನ್ನಾಗಿ ಮಾಡಿಕೊಂಡು, ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ತುಂಡನ್ನು ತೆಗೆದು ಬರೆದಂತೆ ನಟಿಸುತ್ತಿದ್ದರು. ಜೇಬಿಗೆ ಭಾರವಾಗುತ್ತದೆಯೇ, ಯಾವ ಗುಂಡಿ ಪದೇಪದೇ ಬೇಕಾಗುತ್ತದೆ, ಯಾವುದು ಬೇಡವೇ ಬೇಡ ಎಂಬುದೆಲ್ಲ ಒಂದು ತಂತಿ ಬೆಸೆಯುವ ಮೊದಲೇ ತಿಳಿಯಿತು. 1996ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಪೈಲಟ್ ಹುಟ್ಟಿದ್ದು ಆ ಮರದ ತುಂಡಿನಿಂದ.

ಅಡುಗೆಮನೆಯ ವಿಷಯದಲ್ಲಿ ಈ ಕೆಲಸವನ್ನು ಅವರಿಗಿಂತ ಬಹಳ ಮೊದಲೇ ಮಾಡಿದವರು ಲಿಲಿಯನ್ ಗಿಲ್ಬ್ರೆತ್. ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಕಾಲಿನ ಚಲನೆಯನ್ನು ಅಧ್ಯಯನ ಮಾಡಿದ್ದ ಈ ಎಂಜಿನಿಯರ್, 1929ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಗ್ಯಾಸ್ ಕಂಪನಿಗಾಗಿ ಅಡುಗೆಮನೆ ವಿನ್ಯಾಸ ಮಾಡಿದರು. ಹಳೆಯ ಜೋಡಣೆಯಲ್ಲೊಮ್ಮೆ, ಹೊಸ ಜೋಡಣೆಯಲ್ಲೊಮ್ಮೆ ಒಂದೇ ಸ್ಟ್ರಾಬೆರಿ ತಿನಿಸನ್ನು ಮಾಡಿಸಿ ಹೆಜ್ಜೆ ಎಣಿಸಿದರು. 281 ಹೆಜ್ಜೆ ಇದ್ದದ್ದು 45ಕ್ಕೆ ಇಳಿಯಿತು. ನೀವು ಮಾಡಬೇಕಾದದ್ದೂ ಇದೇ ಪರೀಕ್ಷೆ. ಸ್ಟ್ರಾಬೆರಿ ಜಾಗದಲ್ಲಿ ಉಪ್ಪಿಟ್ಟು ಇಟ್ಟುಕೊಳ್ಳಿ.

ಬೇರೆಯವರ ವಿನ್ಯಾಸವನ್ನು ಹಾಗೆಯೇ ತಂದು ಕೂರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. 1926ರಲ್ಲಿ ಮಾರ್ಗರೇಟ್ ಶ್ಯುಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ರೂಪಿಸಿದ ಅಡುಗೆಮನೆ ಇಂದಿನ ಮಾಡ್ಯುಲರ್ ಕಿಚನ್‌ಗಳ ಅಜ್ಜಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಇಂಥ ಹತ್ತು ಸಾವಿರದಷ್ಟು ಅಡುಗೆಮನೆಗಳು ಆ ನಗರದಲ್ಲಿ ಬಂದವು. ಅದ್ಭುತವಾದ ಕೆಲಸ ಅದು. ಆದರೆ ಅದು ಒಬ್ಬರೇ ನಿಂತು ಅಡುಗೆ ಮಾಡುವ ಮನೆಗೆ ಹೊಲಿದ ಅಂಗಿ. ಅತ್ತೆ ಕಾಯಿ ತುರಿಯುತ್ತ, ಸೊಸೆ ಒಗ್ಗರಣೆ ಹಾಕುತ್ತ, ಮಗ ಕಾಫಿಗೆ ಹಾಲು ಹುಡುಕುತ್ತ ಒಳಗೆ ಬರುವ ನಮ್ಮ ಬೆಳಗಿನ ಏಳು ಗಂಟೆಗೆ ಅದರಲ್ಲಿ ಜಾಗವಿಲ್ಲ. ಅಂಗಡಿಯಲ್ಲಿ ತೋರಿಸುವ ಸಿದ್ಧ ವಿನ್ಯಾಸಗಳಲ್ಲಿ ಬಹಳಷ್ಟು ಇವತ್ತಿಗೂ ಅದೇ ಊಹೆಯ ಮೇಲೆ ನಿಂತಿವೆ.

ಯಾವಾಗ ಮಾಡಬೇಕು

ಎರಡು ಸಂದರ್ಭಗಳಿವೆ. ಒಂದು, ನಕ್ಷೆ ಇನ್ನೂ ಕಾಗದದಲ್ಲಿರುವಾಗ. ಆಗ ಗೋಡೆಯನ್ನೇ ಅರ್ಧ ಅಡಿ ಆಚೆಗೆ ಸರಿಸಬಹುದು. ಇನ್ನೊಂದು, ಗೋಡೆ ಎದ್ದು ತಾರಸಿ ಬಿದ್ದ ಮೇಲೆ, ಆದರೆ ವೈರಿಂಗ್ ಪೈಪಿಗೆ ಗೋಡೆ ಕೊರೆಯುವ ಮೊದಲು. ಈ ಎರಡನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೊರೆತ ಮುಗಿದು, ಪ್ಲಂಬರ್ ಸಿಂಕಿನ ಪೈಪಿಗೆ ಜಾಗ ಹಿಡಿದು, ಗಾರೆ ಬಿದ್ದ ಮೇಲೆ ಪ್ರತಿ ಬದಲಾವಣೆಗೂ ಮೂವರು ಕೆಲಸಗಾರರನ್ನು ಮತ್ತೆ ಕರೆಸಬೇಕಾಗುತ್ತದೆ. ಮೇಸ್ತ್ರಿಗೆ ಒಂದು ವಾರ ಮೊದಲೇ ಹೇಳಿಡಿ: ಅಡುಗೆಮನೆಗೆ ಗೋಡೆ ಕೊರೆಯುವುದು ನಾವು ಗುರುತು ಹಾಕಿಕೊಟ್ಟ ಮೇಲೆಯೇ. ಹಳೆಯ ಅಡುಗೆಮನೆಯನ್ನು ಒಡೆದು ಹೊಸದು ಮಾಡಿಸುವವರು ಒಡೆಯುವ ಮೊದಲು ಮನೆಯ ಹಾಲ್‌ನಲ್ಲಿ ಅಥವಾ ತಾರಸಿಯ ಮೇಲೆ ಮಾದರಿ ಹಾಕಿಕೊಳ್ಳಬಹುದು.

ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಿ

ಪ್ರಶ್ನೆ ಇಲ್ಲದೆ ಮಾದರಿ ಕಟ್ಟಿದರೆ ಬಂದವರು "ಚೆನ್ನಾಗಿದೆ" ಎಂದು ಹೇಳಿ ಹೋಗುತ್ತಾರೆ, ನಿಮಗೆ ಏನೂ ಸಿಗುವುದಿಲ್ಲ. ಈಗಿರುವ ಅಡುಗೆಮನೆಯಲ್ಲಿ ಎರಡು ದಿನ ಗಮನವಿಟ್ಟು ನೋಡಿ. ಎಲ್ಲಿ ಬಗ್ಗುತ್ತಾರೆ, ಎಲ್ಲಿ ತುದಿಗಾಲಲ್ಲಿ ನಿಲ್ಲುತ್ತಾರೆ, ಬಿಸಿ ಪಾತ್ರೆ ಹಿಡಿದು ಎಲ್ಲಿ ಜಾಗ ಹುಡುಕುತ್ತಾರೆ, ಯಾವ ಸಾಮಾನು ಯಾವಾಗಲೂ ಕಟ್ಟೆಯ ಮೇಲೆಯೇ ಉಳಿಯುತ್ತದೆ. ಇದರಿಂದ ನಾಲ್ಕೈದು ಪ್ರಶ್ನೆ ಹುಟ್ಟುತ್ತವೆ. ಉದಾಹರಣೆಗೆ: ಇಬ್ಬರು ಬೆನ್ನಿಗೆ ಬೆನ್ನು ತಗಲದೆ ಕೆಲಸ ಮಾಡಬಹುದೇ? ಕುಕ್ಕರ್ ಇಳಿಸಿ ಇಡಲು ಒಲೆಯ ಪಕ್ಕದಲ್ಲೇ ಜಾಗವಿದೆಯೇ? ಗ್ರೈಂಡರನ್ನು ಎತ್ತದೆ ಬಳಸಬಹುದೇ? ಮಾದರಿ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು; ನೋಡಲು ಚೆಂದವಾಗಿರಬೇಕಿಲ್ಲ. ನಾಜೂಕಾಗಿ ಮಾಡಿದ ಮಾದರಿಯನ್ನು ಕೆಡಿಸಲು ಮನಸ್ಸು ಬರುವುದಿಲ್ಲ, ನೋಡುವವರೂ ಸಂಕೋಚದಿಂದ ತಪ್ಪು ಹೇಳುವುದಿಲ್ಲ. ಒರಟಾಗಿಯೇ ಇರಲಿ.

ಪ್ರಶ್ನೆಗಳ ಜೊತೆಗೆ ಸಾಮಾನಿನ ಅಳತೆಯನ್ನೂ ಬರೆದುಕೊಳ್ಳಿ. ಫ್ರಿಜ್, ಒಲೆ, ಮಿಕ್ಸಿ, ಗ್ರೈಂಡರ್, ನೀರಿನ ಫಿಲ್ಟರ್, ಅತಿ ದೊಡ್ಡ ಪಾತ್ರೆ, ಅಕ್ಕಿ ಡಬ್ಬ, ಗ್ಯಾಸ್ ಸಿಲಿಂಡರ್. ಮಿಕ್ಸಿಯ ಎತ್ತರವನ್ನು ಜಾರ್ ಕೂರಿಸಿಯೇ ಅಳೆಯಿರಿ. ಫ್ರಿಜ್‌ನ ಅಳತೆಗೆ ಬಾಗಿಲು ಪೂರ್ತಿ ತೆರೆದಾಗ ಬೇಕಾಗುವ ಜಾಗವೂ ಸೇರಬೇಕು.

ನೆಲದ ಮೇಲೆ ಗೆರೆ

ನಕ್ಷೆ ಕಾಗದದಲ್ಲಿರುವಾಗ ತಾರಸಿಯೋ ಅಂಗಳವೋ ಸಾಕು. ಸೀಮೆಸುಣ್ಣದಿಂದ ಗೋಡೆಯ ಒಳಮೈ ಎಳೆಯಿರಿ. ನಕ್ಷೆಯಲ್ಲಿ ಬರೆದಿರುವ ಕೋಣೆಯ ಅಳತೆಯಿಂದ ಎರಡೂ ಕಡೆಯ ಗಾರೆ ಮತ್ತು ಟೈಲ್ಸ್ ದಪ್ಪ ಕಳೆಯುವುದನ್ನು ಮರೆಯಬೇಡಿ. ಒಂದೊಂದು ಕಡೆ ಒಂದು ಇಂಚಿನಷ್ಟು ಹೋದರೂ ಎರಡು ಇಂಚು ಕಡಿಮೆಯಾಗುತ್ತದೆ. ಬಾಗಿಲು, ಕಿಟಕಿ ಗುರುತಿಸಿ. ಕಟ್ಟೆಗೆ ಎರಡು ಅಡಿ ಅಗಲ ಬಿಡಿ. ಫ್ರಿಜ್, ಒಲೆ, ಸಿಂಕ್ ಇರುವ ಕಡೆ ಆಯಾ ಅಳತೆಗೆ ಕತ್ತರಿಸಿದ ಹಳೆಯ ಪತ್ರಿಕೆ ಹಾಸಿ, ಗಾಳಿಗೆ ಹಾರದಂತೆ ಕಲ್ಲಿಡಿ. ವಾಸ್ತು ನೋಡುವವರು ಆಗ್ನೇಯದ ಮೂಲೆಯಲ್ಲಿ ಒಲೆ, ಪೂರ್ವಕ್ಕೆ ಮುಖ ಎಂಬುದನ್ನು ಈಗಲೇ ಗೆರೆಯಲ್ಲಿ ತನ್ನಿ. ಆಮೇಲೆ ತಂದರೆ ಇಡೀ ಜೋಡಣೆ ತಿರುಗುತ್ತದೆ.

ಈಗ ನಡೆದು ನೋಡಿ. ಫ್ರಿಜ್, ಸಿಂಕ್, ಒಲೆ ಈ ಮೂರನ್ನು ಸೇರಿಸುವ ತ್ರಿಕೋನದ ಮೂರು ಬದಿಗಳ ಒಟ್ಟು ಉದ್ದ 13ರಿಂದ 26 ಅಡಿಯೊಳಗೆ ಇರಬೇಕು ಎಂಬ ಸೂತ್ರವನ್ನು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಪ್ರಚಾರಕ್ಕೆ ತಂದರು. ಇಂದಿಗೂ ಉಪಯೋಗವಾಗುವ ಸೂತ್ರ ಅದು. ನಮ್ಮ ಮನೆಗಳಲ್ಲಿ ಮಿಕ್ಸಿ ಇರುವ ಜಾಗ ನಾಲ್ಕನೆಯ ನಿಲ್ದಾಣ. ಚಟ್ನಿ, ಸಾರಿನ ಮಸಾಲೆ, ದೋಸೆಹಿಟ್ಟು ಎಂದು ದಿನಕ್ಕೆ ಎಷ್ಟು ಸಲ ಅಲ್ಲಿಗೆ ಹೋಗುತ್ತೇವೆ ಎಂದು ಎಣಿಸಿದರೆ ಫ್ರಿಜ್‌ಗಿಂತ ಅದೇ ಹೆಚ್ಚಾಗಬಹುದು. ಮಿಕ್ಸಿಯಿಂದ ಸಿಂಕಿಗೆ ಜಾರ್ ತೊಳೆಯಲು ಹೋಗುವ ದಾರಿಯನ್ನು ವಿಶೇಷವಾಗಿ ನೋಡಿ.

ಎದುರುಬದುರು ಎರಡು ಕಟ್ಟೆಗಳಿದ್ದರೆ ನಡುವೆ ಮೂರೂವರೆಯಿಂದ ನಾಲ್ಕು ಅಡಿ ಬೇಕು. ಸಂಖ್ಯೆ ನಂಬಬೇಡಿ, ಇಬ್ಬರು ನಿಂತು, ಒಬ್ಬರು ಕೆಳಗಿನ ಕಪಾಟು ತೆಗೆಯಲು ಬಗ್ಗಿದಾಗ ಇನ್ನೊಬ್ಬರು ಹಿಂದಿನಿಂದ ದಾಟಬಹುದೇ ಎಂದು ಮಾಡಿ ನೋಡಿ. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ತಿರುಗಲು ಐದು ಅಡಿ ವ್ಯಾಸದ ವೃತ್ತ ಬೇಕಾಗುತ್ತದೆ. ಅದನ್ನೂ ಸೀಮೆಸುಣ್ಣದಲ್ಲಿ ಬರೆದು ಕುರ್ಚಿಯನ್ನು ತಿರುಗಿಸಿಯೇ ನಿರ್ಧರಿಸಿ.

ಎತ್ತರ: ಬ್ಲಾಕು ಜೋಡಿಸಿ ನಿಂತು ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ಗೋಡೆ ಎದ್ದ ಮೇಲೆ ಸೈಟಿನಲ್ಲಿ ಕಾಂಕ್ರೀಟ್ ಬ್ಲಾಕು, ಸೆಂಟ್ರಿಂಗ್ ಹಲಗೆ ಇದ್ದೇ ಇರುತ್ತವೆ. ಸಾಮಾನ್ಯ ಸಾಲಿಡ್ ಬ್ಲಾಕಿನ ಎತ್ತರ 20 ಸೆಂಟಿಮೀಟರ್. ನಾಲ್ಕು ವರಸೆ ಗಾರೆಯಿಲ್ಲದೆ ಪೇರಿಸಿದರೆ 80 ಸೆಂಟಿಮೀಟರ್. ಮೇಲೆ ಒಂದು ಹಲಗೆ ಹಾಕಿದರೆ ಸುಮಾರು 33 ಇಂಚಿನ ಕಟ್ಟೆ ಸಿದ್ಧ. ಬ್ಲಾಕುಗಳನ್ನು ಮೂರು ಕಡೆ ಅಗಲವಾದ ಕಂಬಗಳಂತೆ ಜೋಡಿಸಿ ಹಲಗೆ ಹಾಯಿಸಿ. ಅಲುಗಾಡುವಂತಿದ್ದರೆ ಗೋಡೆಗೆ ಒರಗಿಸಿ. ಗಾರೆ ಇಲ್ಲದ ರಾಶಿ ಬೀಳಬಹುದು. ಮಕ್ಕಳನ್ನು ದೂರವಿಡಿ, ಎತ್ತುವ ಕೆಲಸವನ್ನು ಅಭ್ಯಾಸವಿರುವವರಿಗೇ ಬಿಡಿ. ಎತ್ತರ ಬದಲಿಸಲು ಹಲಗೆಯ ಕೆಳಗೆ ಟೈಲ್ಸ್ ತುಂಡುಗಳನ್ನು ಸೇರಿಸುತ್ತ, ತೆಗೆಯುತ್ತ ಹೋಗಿ.

ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈವರೆಗಿನ ಎತ್ತರ ಅಳೆಯಿರಿ. ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು. ಭಾರ ಹಾಕಿ ಒತ್ತುವ ಕೆಲಸಕ್ಕೆ ಇನ್ನೂ ಕೆಳಗೆ, 15ರಿಂದ 40 ಸೆಂಟಿಮೀಟರ್‌ವರೆಗೆ. ಐದು ಅಡಿ ಎತ್ತರದವರ ಮೊಣಕೈ ಸುಮಾರು 95 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಹೆಚ್ಚಲು 80ರಿಂದ 85 ಸೆಂಟಿಮೀಟರ್ ಕಟ್ಟೆ ಸರಿ. ಐದೂಮುಕ್ಕಾಲು ಅಡಿ ಎತ್ತರದವರಿಗೆ ಅದೇ ಕಟ್ಟೆ ಬೆನ್ನು ಬಗ್ಗಿಸುತ್ತದೆ.

ಇಷ್ಟರಲ್ಲೇ ಲೆಕ್ಕ ಮುಗಿಯಿತು ಎಂದುಕೊಂಡರೆ ಒಲೆ ಬಂದು ನಿಲ್ಲುತ್ತದೆ. 84 ಸೆಂಟಿಮೀಟರ್ ಕಟ್ಟೆಯ ಮೇಲೆ 12 ಸೆಂಟಿಮೀಟರ್ ಎತ್ತರದ ಗ್ಯಾಸ್ ಒಲೆ, ಅದರ ಮೇಲೆ 20 ಸೆಂಟಿಮೀಟರ್ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ 116 ಸೆಂಟಿಮೀಟರ್‌ಗೆ ಏರಿತು. ಐದು ಅಡಿಯವರ ಮೊಣಕೈಗಿಂತ ಒಂದು ಗೇಣು ಮೇಲೆ! ಸಾರು ಕಲಕುವಾಗ ಹೆಗಲೆತ್ತಿಯೇ ಕಲಕಬೇಕು, ಒಳಗೆ ಏನು ಬೇಯುತ್ತಿದೆ ಎಂದು ನೋಡಲು ಕತ್ತು ಚಾಚಬೇಕು. ಹೆಗಲುನೋವಿನ ಮೂಲ ಎಷ್ಟೋ ಮನೆಗಳಲ್ಲಿ ಇಲ್ಲಿದೆ. ಪರಿಹಾರ ಸರಳ: ಒಲೆ ಕೂರುವ ಎರಡೂವರೆ ಅಡಿಯಷ್ಟು ಭಾಗವನ್ನು ಉಳಿದ ಕಟ್ಟೆಗಿಂತ ನಾಲ್ಕೈದು ಇಂಚು ಕೆಳಗೆ ಕಟ್ಟಿಸುವುದು. ಮಾದರಿಯಲ್ಲಿ ಇದನ್ನು ಪರೀಕ್ಷಿಸಲು ಆ ಭಾಗಕ್ಕೆ ಬೇರೆ ಹಲಗೆ ಹಾಕಿ ತಗ್ಗಿಸಿ, ನಿಜವಾದ ಒಲೆ ಮತ್ತು ಅರ್ಧ ನೀರು ತುಂಬಿದ ಪಾತ್ರೆ ಇಟ್ಟು ಸೌಟು ತಿರುಗಿಸಿ ನೋಡಿ. ತಗ್ಗಿನ ಅಂಚಿನಲ್ಲಿ ನೀರು, ಎಣ್ಣೆ ನಿಲ್ಲುತ್ತದೆ, ಬಿಸಿ ಕುಕ್ಕರನ್ನು ಪಕ್ಕಕ್ಕೆ ಜಾರಿಸಲಾಗುವುದಿಲ್ಲ ಎಂಬ ಆಕ್ಷೇಪ ಇದೆ, ಅದು ನಿಜ. ನಿಮ್ಮ ಮನೆಗೆ ಯಾವುದು ಮುಖ್ಯ ಎಂಬುದನ್ನು ಅಲ್ಲಿ ನಿಂತು ಕೈಯಾಡಿಸಿದವರೇ ಹೇಳಬೇಕು.

ಸಿಂಕಿನದು ಇದಕ್ಕೆ ತದ್ವಿರುದ್ಧ. ಕೈ ಆಡುವುದು ಸಿಂಕಿನ ತಳದಲ್ಲಿ, ಅಂದರೆ ಕಟ್ಟೆಗಿಂತ ಏಳೆಂಟು ಇಂಚು ಕೆಳಗೆ. ಹಾಗಾಗಿ ಸಿಂಕಿನ ಭಾಗ ಒಂದೆರಡು ಇಂಚು ಎತ್ತರವಿದ್ದರೆ ಪಾತ್ರೆ ತೊಳೆಯುವವರ ಸೊಂಟಕ್ಕೆ ಒಳ್ಳೆಯದು. ಒಂದು ಪ್ಲಾಸ್ಟಿಕ್ ಟಬ್ಬನ್ನು ಅದರ ತಳ ಸರಿಯಾದ ಎತ್ತರಕ್ಕೆ ಬರುವಂತೆ ಕೂರಿಸಿ, ಹತ್ತು ನಿಮಿಷ ನಿಜವಾಗಿ ಪಾತ್ರೆ ತೊಳೆಯಿರಿ. ಎರಡು ನಿಮಿಷಕ್ಕೆ ದೇಹ ಏನನ್ನೂ ಹೇಳುವುದಿಲ್ಲ.

ನೆಲದಲ್ಲಿ ಕೂತು ಮಾಡುವ ಕೆಲಸಗಳು ಎಲ್ಲಿಗೆ ಹೋಗುತ್ತವೆ?

ನಮ್ಮ ಅಡುಗೆ ಕಟ್ಟೆಯ ಮೇಲೆ ಹುಟ್ಟಿದ್ದಲ್ಲ. ರಾಗಿಮುದ್ದೆಯನ್ನು ತೆಗೆದುಕೊಳ್ಳಿ. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ಮುದ್ದೆಕೋಲಿಗೆ ಮೈಭಾರ ಹಾಕಿ ತಿರುವುವ ಕೆಲಸ ಅದು. ಹಳ್ಳಿಮನೆಯಲ್ಲಿ ಕೂತು, ಕವೆಗೋಲನ್ನು ಕಾಲಿನಿಂದ ಒತ್ತಿ ಹಿಡಿಯುತ್ತಿದ್ದರು. ಅದನ್ನೇ ಎದೆಯೆತ್ತರದ ಒಲೆಯ ಮೇಲೆ ಮಾಡಹೊರಟರೆ ತೋಳಿನಲ್ಲಿ ಬಲ ಬರುವುದಿಲ್ಲ, ಪಾತ್ರೆ ಜಾರುತ್ತದೆ, ಕುದಿಯುವ ಹಿಟ್ಟು ಮೈಮೇಲೆ ಬೀಳುವ ಅಪಾಯ. ದಿನವೂ ಮುದ್ದೆ ಮಾಡುವ ಮನೆಯವರು ಮಾದರಿಯಲ್ಲಿ ಎರಡೇ ವರಸೆ ಬ್ಲಾಕಿನ, ಅಂದರೆ ಒಂದೂಕಾಲು ಅಡಿಯಷ್ಟು ಎತ್ತರದ ಗಟ್ಟಿಯಾದ ಜಗಲಿಯೊಂದನ್ನು ಮೂಲೆಯಲ್ಲಿ ಹಾಕಿ ನೋಡಲಿ. ಬೆಂದ ಹಿಟ್ಟನ್ನು ಅಲ್ಲಿಗಿಳಿಸಿ ನಿಂತೇ ಬಗ್ಗದೆ ತಿರುವಬಹುದೇ, ಮೂರು ವರಸೆ ಬೇಕೇ, ಅಥವಾ ನೆಲವೇ ಸರಿಯೇ? ಖಾಲಿ ಪಾತ್ರೆಯಲ್ಲಿ ನಟಿಸಿದರೆ ಗೊತ್ತಾಗುವುದಿಲ್ಲ. ಒದ್ದೆ ಮರಳು ತುಂಬಿ ಕೋಲು ತಿರುಗಿಸಿ, ಅದರ ತಡೆ ಹಿಟ್ಟಿನ ತಡೆಗೆ ಹತ್ತಿರ ಬರುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯದು ಇದೇ ಪ್ರಶ್ನೆ. ನಿಂತು ತಟ್ಟುವವರಿಗೆ ಹೆಚ್ಚುವ ಕಟ್ಟೆಗಿಂತ ತಗ್ಗಾದ, ಒಲೆಯ ಎಡಕ್ಕೋ ಬಲಕ್ಕೋ ಒಂದು ಕೈ ದೂರದಲ್ಲಿರುವ ಜಾಗ ಬೇಕು. ತಟ್ಟಿದ ರೊಟ್ಟಿಯನ್ನು ಕೈಮೇಲೆ ಹಾಕಿಕೊಂಡು ಹಂಚಿಗೆ ಹಾಕುವ ದೂರ ಹೆಚ್ಚಾದರೆ ರೊಟ್ಟಿ ಹರಿಯುತ್ತದೆ. ಯಾವ ಕಡೆ ಎಂಬುದು ತಟ್ಟುವವರ ಕೈಯಭ್ಯಾಸಕ್ಕೆ ಬಿಟ್ಟದ್ದು. ಮೊದಲು ಅದನ್ನು ಕೇಳಿ, ಆಮೇಲೆ ಒಲೆಯ ಜಾಗ ನಿರ್ಧರಿಸಿ. ಕರಾವಳಿಯವರಿಗೆ ತುರಿಮಣೆ ಕೂರುವ ಜಾಗ ಬೇಕು. ಕಾಯಿ ತುರಿಯುತ್ತ ಕೂತವರ ಮಂಡಿಯನ್ನು ಯಾರೂ ಎಡವದಂತೆ, ಓಡಾಡುವ ದಾರಿಯಿಂದ ಆಚೆ ಎರಡೂವರೆ ಅಡಿ ಚೌಕ ಬಿಡಿ. ಮಾಡ್ಯುಲರ್ ಕಂಪನಿಯವರ ಪಟ್ಟಿಯಲ್ಲಿ ಈ ಯಾವುದೂ ಇರುವುದಿಲ್ಲ, ನೀವಾಗಿ ಸೇರಿಸದಿದ್ದರೆ ಬರುವುದೂ ಇಲ್ಲ.

ಒಂದು ಬೆಳಗಿನ ಅಡುಗೆ ನಟಿಸಿ

ಈಗ ಮನೆಯಿಂದ ನಿಜವಾದ ಪಾತ್ರೆ, ಡಬ್ಬಗಳನ್ನು ತಂದಿಡಿ. ಅಡುಗೆ ಮಾಡುವವರು ಒಂದು ಮಾಮೂಲಿ ಬೆಳಿಗ್ಗೆಯನ್ನು ಮೊದಲಿನಿಂದ ಕೊನೆವರೆಗೆ ಮಾಡಿ ತೋರಿಸಲಿ: ಹಾಲು ಕಾಯಿಸುವುದು, ಕಾಫಿ, ಈರುಳ್ಳಿ ಹೆಚ್ಚುವುದು, ರವೆ ಹುರಿಯುವುದು, ಕುಕ್ಕರಿಗೆ ಅಕ್ಕಿ ಬೇಳೆ, ಮಕ್ಕಳ ಡಬ್ಬಿ ಕಟ್ಟುವುದು, ಕಸ ಎಸೆಯುವುದು. ಮೇಲಿನಿಂದ, ಏಣಿ ಹತ್ತಿಯೋ ಅಟ್ಟದ ಅಂಚಿನಿಂದಲೋ, ಮೊಬೈಲ್‌ನಲ್ಲಿ ವಿಡಿಯೊ ತೆಗೆದುಕೊಳ್ಳಿ. ಹೆಜ್ಜೆ ಎಣಿಸಿ.

ನೋಡುವವರು ಸುಮ್ಮನಿರಬೇಕು. ಇದು ಕಷ್ಟ, ಮನೆಯ ಯಜಮಾನರಿಗಂತೂ ಬಹಳ ಕಷ್ಟ. ಆದರೆ "ಅಲ್ಲಿಡು, ಇಲ್ಲಿಡು" ಎಂದ ಕೂಡಲೇ ಅಡುಗೆ ಮಾಡುವವರು ತಮ್ಮ ಕೈಯನ್ನು ಬಿಟ್ಟು ನಿಮ್ಮ ಮಾತನ್ನು ಅನುಸರಿಸತೊಡಗುತ್ತಾರೆ. ಕೈ ಎಲ್ಲಿ ಅರೆಕ್ಷಣ ತಡೆಯಿತು, ಯಾವ ಪಾತ್ರೆಯನ್ನು ಎರಡು ಸಲ ಎತ್ತಿಟ್ಟರು, ಬಿಸಿ ಬಾಣಲೆ ಹಿಡಿದು ಎತ್ತ ತಿರುಗಿದರು ಎಂಬುದನ್ನು ಬರೆದುಕೊಳ್ಳಿ. ಮುಗಿದ ಮೇಲೆ "ಹೇಗಿದೆ?" ಎಂದು ಕೇಳಬೇಡಿ. "ಕುಕ್ಕರ್ ಇಳಿಸುವಾಗ ಯಾಕೆ ನಿಂತಿರಿ?" ಎಂದು ಕೇಳಿ.

ಅಡುಗೆ ಮಾಡುವವರು ಒಬ್ಬರಿಗಿಂತ ಹೆಚ್ಚಿದ್ದರೆ ಒಬ್ಬೊಬ್ಬರೂ ಬೇರೆಬೇರೆಯಾಗಿ ಮಾಡಲಿ. ಹಿರಿಯರ ಎದುರು ಸೊಸೆ ಬಾಯಿ ಬಿಡದಿರಬಹುದು, ಮಗನ ಎದುರು ತಾಯಿ "ನನಗೇನು, ಹೇಗಿದ್ದರೂ ಸರಿ" ಎನ್ನಬಹುದು. ಕೆಲಸಕ್ಕೆ ಬರುವವರು ಇದ್ದರೆ ಅವರನ್ನೂ ಕರೆಯಿರಿ; ಪಾತ್ರೆ ತೊಳೆಯುವ ಜಾಗದ ಬಗ್ಗೆ ಅವರಿಗೆ ತಿಳಿದಷ್ಟು ಮನೆಯವರಿಗೆ ತಿಳಿದಿರುವುದಿಲ್ಲ. ಒಮ್ಮೆ ಹಬ್ಬದ ದಿನದ್ದನ್ನೂ ಆಡಿ ನೋಡಿ: ನಾಲ್ವರು ಒಳಗೆ, ಹೋಳಿಗೆಗೆ ಕಣಕ ನಾದುವವರು ಒಬ್ಬರು, ದೊಡ್ಡ ಪಾತ್ರೆಯ ಪಾಯಸ ಹೊತ್ತು ಬಾಗಿಲು ದಾಟುವವರು ಇನ್ನೊಬ್ಬರು.

ಗಾಳಿ, ಬೆಳಕು, ಗ್ಯಾಸು

ಕಿಟಕಿಯ ಬಾಗಿಲು ಒಳಕ್ಕೆ ತೆರೆದುಕೊಳ್ಳುವುದಾದರೆ ಸಿಂಕಿನ ನಲ್ಲಿಗೆ ಬಡಿಯುತ್ತದೆಯೇ ನೋಡಿ. ಕಿಟಕಿಯ ಅಳತೆಗೆ ರಟ್ಟು ಕತ್ತರಿಸಿ ತಿರುಗಿಸಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಒಲೆಯ ಜಾಗದಲ್ಲಿ ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ಗಮನಿಸಿ. ಬೆಳಿಗ್ಗೆಯೂ ಸಂಜೆಯೂ ನೋಡಬೇಕು, ಗಾಳಿ ಬದಲಾಗುತ್ತದೆ. ಕಿಟಕಿಯ ಗಾಳಿ ನೇರವಾಗಿ ಒಲೆಗೆ ಬಡಿದರೆ ಉರಿ ಆರುತ್ತದೆ.

ಸಂಜೆಯಾದ ಮೇಲೆ ಒಂದು ವೈರು, ಬಲ್ಬು ತಂದು ಕೋಣೆಯ ನಡುವೆ ತೂಗಿ ಕಟ್ಟೆಯ ಮುಂದೆ ನಿಲ್ಲಿ. ನಿಮ್ಮದೇ ನೆರಳು ಹೆಚ್ಚುವ ಜಾಗದ ಮೇಲೆ ಬೀಳುತ್ತದೆ. ಬಲ್ಬನ್ನು ಮುಂದಿನ ಗೋಡೆಗೆ, ಕಪಾಟಿನ ತಳ ಬರುವ ಎತ್ತರಕ್ಕೆ ಹಿಡಿದು ನೋಡಿ, ಎಲೆಕ್ಟ್ರಿಷಿಯನ್‌ಗೆ ಪಾಯಿಂಟ್ ಎಲ್ಲಿ ಬೇಕು ಎಂದು ಹೇಳಲು ಇಷ್ಟು ಸಾಕು. ಪ್ಲಗ್ ಪಾಯಿಂಟ್‌ಗಳಿಗೆ ಕಾಗದದ ಚೌಕಗಳನ್ನು ಗೋಡೆಗೆ ಅಂಟಿಸಿ, ಮಿಕ್ಸಿಯ ವೈರು ಸಿಂಕಿನ ಮೇಲೆ ಹಾದುಹೋಗದೆ ತಲುಪುತ್ತದೆಯೇ ಪರೀಕ್ಷಿಸಿ.

ಸಿಲಿಂಡರ್ ವಿಷಯದಲ್ಲಿ ರಾಜಿ ಬೇಡ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ, ಅದರಲ್ಲಿ ಗ್ಯಾಸ್ 14.2 ಕಿಲೋ. ಅದನ್ನು ಎಳೆದು ಬದಲಿಸುವ ದಾರಿ ನೇರವಾಗಿರಲಿ. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಕಪಾಟಿಗೆ ಬುಡದಲ್ಲೇ ಗಾಳಿಗಿಂಡಿ ಬೇಕು. ಒಂದೂವರೆ ಮೀಟರ್ ದಾರ ಕತ್ತರಿಸಿ ರೆಗ್ಯುಲೇಟರ್ ಜಾಗದಿಂದ ಒಲೆಯವರೆಗೆ ಹಿಡಿಯಿರಿ. ದಾರ ಸಾಲದಿದ್ದರೆ ರಬ್ಬರ್ ಪೈಪೂ ಸಾಲುವುದಿಲ್ಲ, ಜೋಡಣೆಯನ್ನೇ ಬದಲಿಸಬೇಕು.

ರಟ್ಟಿನ ಕಪಾಟು

ಮೇಲಿನ ಕಪಾಟುಗಳಿಗೆ ಫ್ರಿಜ್, ಟಿವಿ ಬಂದ ರಟ್ಟಿನ ಪೆಟ್ಟಿಗೆಗಳೇ ಸರಿ. ಒಂದಡಿ ಆಳಕ್ಕೆ ಮಡಿಸಿ, ಗೋಡೆಗೆ ಮೊಳೆ ಹೊಡೆದು ದಾರದಲ್ಲಿ ತೂಗುಹಾಕಿ. ಕಟ್ಟೆಯಿಂದ ಎರಡು ಅಡಿ ಮೇಲೆ ಶುರು ಮಾಡಿ, ತಲೆ ಬಡಿಯುತ್ತದೆಯೇ, ಮೊದಲ ಅರೆಗೆ ಕೈ ಸಲೀಸಾಗಿ ಹೋಗುತ್ತದೆಯೇ ನೋಡುತ್ತ ಏರಿಳಿಸಿ. ಮನೆಯ ಅತಿ ಕುಳ್ಳಗಿನ ವ್ಯಕ್ತಿಯ ಕೈಗೆ ಎಟುಕದ ಅರೆಯಲ್ಲಿ ಏನಿಡುತ್ತೀರಿ ಎಂದು ಈಗಲೇ ತೀರ್ಮಾನವಾಗಲಿ. ಕೆಳಗಿನ ಡ್ರಾಯರ್‌ಗಳಿಗೆ ನೆಲದ ಮೇಲೆ ರಟ್ಟು ಎಳೆದು, ಅದು ಪೂರ್ತಿ ಹೊರಬಂದಾಗ ನೀವು ಎಲ್ಲಿ ನಿಲ್ಲುತ್ತೀರಿ ಎಂದು ನೋಡಿದರೆ ಸಾಕು.

ಬದಲಿಸಿ, ಮತ್ತೆ ನಟಿಸಿ

ಮೊದಲ ಜೋಡಣೆಯೇ ಸರಿಹೋದರೆ ಅನುಮಾನ ಪಡಿ. ಬಹುಶಃ ಪರೀಕ್ಷೆ ಸಡಿಲವಾಗಿತ್ತು. ಒಂದು ಸಲಕ್ಕೆ ಒಂದೇ ದೊಡ್ಡ ಬದಲಾವಣೆ ಮಾಡಿ. ಸಿಂಕನ್ನೂ ಫ್ರಿಜ್ಜನ್ನೂ ಒಟ್ಟಿಗೆ ಸರಿಸಿದರೆ ಹೆಜ್ಜೆ ಕಡಿಮೆಯಾದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಪ್ರತಿ ಜೋಡಣೆಯ ಫೋಟೊ ತೆಗೆಯುವಾಗ ಅಳತೆ ಟೇಪನ್ನು ಚಿತ್ರದಲ್ಲಿ ಬರುವಂತೆ ನಿಲ್ಲಿಸಿ. ಸಾಧ್ಯವಾದರೆ ಮಾದರಿಯನ್ನು ಎರಡು ಮೂರು ದಿನ ಹಾಗೆಯೇ ಬಿಟ್ಟು ಮತ್ತೊಮ್ಮೆ ಬಂದು ನೋಡಿ. ಹೊಸತರ ಉತ್ಸಾಹ ಇಳಿದ ಮೇಲೆ ಕಾಣುವುದು ಬೇರೆ. ಎರಡು ಜೋಡಣೆಗಳ ನಡುವೆ ಉಳಿದ ವ್ಯತ್ಯಾಸ ಬಣ್ಣ, ಹಿಡಿಕೆಗಳಷ್ಟೇ ಆದಾಗ ನಿಲ್ಲಿಸಬಹುದು.

ಕೆಲವು ಸಂಗತಿಗಳನ್ನು ಈ ಮಾದರಿ ಹೇಳಲಾರದು: ಒದ್ದೆಯಾದಾಗ ನೆಲದ ಟೈಲ್ಸ್ ಜಾರುತ್ತದೆಯೇ, ಕಪ್ಪು ಗ್ರಾನೈಟಿನ ಮೇಲೆ ನೀರಿನ ಕಲೆ ಎಷ್ಟು ಕಾಣುತ್ತದೆ, ಚಿಮಣಿಯ ಸದ್ದು ಎಷ್ಟು. ಅದಕ್ಕೆ ಬೇರೆ ಪರೀಕ್ಷೆ ಇದೆ. ಅಂಗಡಿಯಿಂದ ಒಂದು ಟೈಲ್ಸ್, ಒಂದು ಗ್ರಾನೈಟ್ ತುಂಡು ಕೇಳಿ ತನ್ನಿ. ಎಣ್ಣೆ, ಅರಿಶಿನ, ಹುಣಸೆರಸ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಿ ನೋಡಿ. ಟೈಲ್ಸ್ ಮೇಲೆ ಸೋಪು ನೀರು ಚೆಲ್ಲಿ, ಹಿಡಿದುಕೊಳ್ಳಲು ಆಸರೆ ಇಟ್ಟುಕೊಂಡು, ಬರಿಗಾಲಲ್ಲಿ ನಿಲ್ಲಿ.

ಗೋಡೆಗೆ ಗುರುತು

ಮಾದರಿಯಿಂದ ಸಿಕ್ಕಿದ ಅಳತೆಯನ್ನು ಬಾಯಲ್ಲಿ ಹೇಳಿ ಕಳಿಸಬೇಡಿ. ಇಲ್ಲೊಂದು ದೊಡ್ಡ ಕುಣಿಯಿದೆ: ನೀವು ಮಾದರಿ ಕಟ್ಟಿದ್ದು ಒರಟು ನೆಲದ ಮೇಲೆ. ಆಮೇಲೆ ಅದರ ಮೇಲೆ ಮರಳು ಸಿಮೆಂಟಿನ ಹಾಸು, ಟೈಲ್ಸ್ ಬಂದು ನೆಲ ಎರಡು ಮೂರು ಇಂಚು ಏರುತ್ತದೆ. ಒರಟು ನೆಲದಿಂದ 33 ಇಂಚಿಗೆ ಕಟ್ಟಿದ ಕಟ್ಟೆ, ಟೈಲ್ಸ್ ಬಿದ್ದ ಮೇಲೆ 30 ಇಂಚು ಆಗಿಬಿಡುತ್ತದೆ. ಆದ್ದರಿಂದ ಮೊದಲು ಮೇಸ್ತ್ರಿಯಿಂದ ಲೆವೆಲ್ ಪೈಪು (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು) ಹಿಡಿಸಿ, ಸಿದ್ಧವಾದ ನೆಲ ಬರುವ ಮಟ್ಟವನ್ನು ಗೋಡೆಯ ಸುತ್ತ ಗೆರೆಯಾಗಿ ಎಳೆಸಿ. ಕಟ್ಟೆಯ ಎಲ್ಲ ಎತ್ತರಗಳನ್ನು ಆ ಗೆರೆಯಿಂದ ಮೇಲಕ್ಕೆ ಅಳೆಯಿರಿ. ಗ್ರಾನೈಟಿನ ಮೇಲ್ಮೈ ಎಷ್ಟಕ್ಕೆ ಬರಬೇಕು ಎಂದು ಬರೆಯಿರಿ. ಕೆಳಗಿನ ಕಡಪ ಕಲ್ಲು, ಗಾರೆ, ಗ್ರಾನೈಟ್ ಸೇರಿದ ದಪ್ಪವನ್ನು ಕಳೆದುಕೊಳ್ಳುವುದು ಮೇಸ್ತ್ರಿಯ ಲೆಕ್ಕ, ಆದರೆ ಕಳೆದಿದ್ದಾರೆಯೇ ಎಂದು ಕೇಳುವುದು ನಿಮ್ಮ ಕೆಲಸ.

ಒಲೆಯ ತಗ್ಗು, ಸಿಂಕಿನ ನಡುಗೆರೆ, ನಲ್ಲಿ, ಫಿಲ್ಟರ್ ಪಾಯಿಂಟ್, ಪ್ಲಗ್‌ಗಳು, ಕಪಾಟಿನ ತಳ ಎಲ್ಲವನ್ನೂ ಗೋಡೆಯ ಮೇಲೆ ಬಣ್ಣದಲ್ಲಿ ಬರೆದು, ಪಕ್ಕದಲ್ಲಿ ಅಳತೆ ನಮೂದಿಸಿ. ಫೋಟೊ ತೆಗೆದು ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ನಾಲ್ವರಿಗೂ ಕಳಿಸಿ. ಒಂದು ಪ್ರತಿಯನ್ನು ಮುದ್ರಿಸಿ ಸೈಟಿನ ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಅಂಟಿಸಿ. ಗಾರೆ ಬಿದ್ದಾಗ ಗುರುತುಗಳು ಮುಚ್ಚಿಹೋಗುವುದರಿಂದ, ಗೋಡೆ ಕೊರೆದು ಪೈಪು ಕೂರಿಸಿದ ಮೇಲೆ ಅಳತೆ ಟೇಪು ಹಿಡಿದು ಇನ್ನೊಂದು ಸುತ್ತು ಫೋಟೊ ತೆಗೆಯಿರಿ. ಕಪಾಟು ತೂಗುಹಾಕಲು ಡ್ರಿಲ್ ಹಿಡಿದು ಬರುವವರಿಗೆ ನೀರಿನ ಪೈಪು, ವೈರು ಎಲ್ಲಿವೆ ಎಂದು ತೋರಿಸಲು ಆ ಚಿತ್ರಗಳೇ ಬೇಕಾಗುತ್ತವೆ. ಮಾದರಿಗೆ ಬಳಸಿದ ಬ್ಲಾಕುಗಳನ್ನು ಕಾಂಪೌಂಡ್ ಗೋಡೆಗೆ ಹಾಕಿಸಿಕೊಳ್ಳಿ.